ಕಿಟಕಿ ತೆಗೀಲಾ, ಮುಚ್ಚಲಾ?

ಕೋಲ್ಡ್ ಸ್ಟೋರೇಜ್ ಒಂದರಲ್ಲಿ ಅಮೋನಿಯಾ ಸೋರಿದ ರಾತ್ರಿ, ಸುತ್ತಲಿನ ಜನರಿಗೆ ಮಾಹಿತಿ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ಸಂದೇಶ ನಾನೇ ಬರೆದೆ: "ಪರಿಸ್ಥಿತಿ ನಿಯಂತ್ರಣದಲ್ಲಿದೆ. ಸಾರ್ವಜನಿಕರು ಆತಂಕಪಡುವ ಅಗತ್ಯವಿಲ್ಲ." ಐದೇ ನಿಮಿಷಕ್ಕೆ ಸಹಾಯವಾಣಿಗೆ ಒಬ್ಬ ತಾಯಿಯ ಫೋನ್ ಬಂತು. "ಸಾರ್, ಕಣ್ಣು ಉರೀತಿದೆ, ಮಗು ಕೆಮ್ತಾ ಇದೆ. ಕಿಟಕಿ ತೆಗೀಲಾ, ಮುಚ್ಚಲಾ?"

ನಾನು ಬರೆದಿದ್ದರಲ್ಲಿ ಅದಕ್ಕೆ ಉತ್ತರವೇ ಇರಲಿಲ್ಲ. ಕಣ್ಣು ಉರಿಯುತ್ತಿರುವವರಿಗೆ ಆತಂಕ ಬೇಡ ಅಂದರೆ ಸಿಟ್ಟು ಬರುತ್ತೆ, ಅಷ್ಟೇ.

ಎರಡನೇ ಸಂದೇಶ ಹೀಗಿತ್ತು: "ಅಮೋನಿಯಾ ಗ್ಯಾಸ್ ಸೋರುತ್ತಿದೆ. ಮನೆಯೊಳಗೇ ಇರಿ. ಕಿಟಕಿ, ಬಾಗಿಲು ಮುಚ್ಚಿ. ಎಸಿ, ಎಕ್ಸಾಸ್ಟ್ ಫ್ಯಾನ್ ಆಫ್ ಮಾಡಿ. ಮುಂದಿನ ಮಾಹಿತಿ 10:30ಕ್ಕೆ." ನಮ್ಮ ಮೇಲಧಿಕಾರಿ ಮೊದಲ ಸಾಲನ್ನೇ ತೆಗೆಸಲು ನೋಡಿದರು. "ಗ್ಯಾಸ್ ಅಂದ್ರೆ ಜನ ಹೆದರ್ತಾರೆ ಕಣ್ರೀ." ವಾಸನೆ ಆಗಲೇ ಅವರ ಮನೆಯೊಳಗಿದೆ ಸಾರ್, ಹೆಸರು ಮಾತ್ರ ನಾವು ಮುಚ್ಚಿಟ್ಟರೆ ಏನು ಬಂತು ಅಂದೆ. ಸಾಲು ಉಳಿಯಿತು.

ಭಯ ಜಾಸ್ತಿಯಾದಾಗ ಮಾತು ತಲೆಗೆ ಹತ್ತುವುದಿಲ್ಲ. ಅಪಾಯದ ಹೊತ್ತಲ್ಲಿ ಜನರಿಗೆ ಹೇಗೆ ಹೇಳಬೇಕು ಅನ್ನುವುದರ ತಜ್ಞ ವಿನ್ಸೆಂಟ್ ಕೊವೆಲ್ಲೊ ಇದಕ್ಕೆ 27/9/3 ಅಂತ ಒಂದು ಲೆಕ್ಕ ಕೊಟ್ಟಿದ್ದಾರೆ: ಒಂದು ಸಂದೇಶಕ್ಕೆ ಹೆಚ್ಚೆಂದರೆ 27 ಪದ, 9 ಸೆಕೆಂಡು, 3 ವಿಷಯ. ಅದು ಇಂಗ್ಲಿಷಿನ ಲೆಕ್ಕ. ಕನ್ನಡದಲ್ಲಿ ಪದಕ್ಕೆ ಪದ ಅಂಟಿಕೊಳ್ಳುತ್ತೆ, ಹಾಗಾಗಿ ನಾನು ಪದ ಎಣಿಸಲ್ಲ. ಜೋರಾಗಿ ಓದಿ ಗಡಿಯಾರ ನೋಡುತ್ತೇನೆ. ಮಧ್ಯೆ ಉಸಿರು ಸಾಲದಿದ್ದರೆ ಸಾಲು ಕತ್ತರಿಸುತ್ತೇನೆ.

ಆ ರಾತ್ರಿ ನಿಜವಾಗಿ ಕೈಕೊಟ್ಟಿದ್ದು ಬೇರೆ ಕಡೆ. ನಾನು ಒಳಗಿರಿ ಅನ್ನುತ್ತಿದ್ದಾಗಲೇ, ಸ್ಥಳದಲ್ಲಿದ್ದ ಇನ್ನೊಬ್ಬ ಅಧಿಕಾರಿ ಟಿವಿಯವರ ಮೈಕ್ ಮುಂದೆ "ಅಕ್ಕಪಕ್ಕದವರು ದೂರ ಹೋಗೋದು ಒಳ್ಳೇದು" ಅಂದುಬಿಟ್ಟಿದ್ದರು. ಜನ ಸ್ಕೂಟರ್ ತೆಗೆದರು, ಕೆಲವರು ಗಾಳಿ ಬೀಸುತ್ತಿದ್ದ ಕಡೆಗೇ ಹೊರಟರು. 1979ರ ಮಾರ್ಚ್‌ನಲ್ಲಿ ಅಮೆರಿಕದ ಥ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದ ಅಪಘಾತದಲ್ಲೂ ಇದೇ ಕಥೆ. ಕಂಪನಿ ಒಂದು ಹೇಳಿತು, ಸರ್ಕಾರ ಇನ್ನೊಂದು. ಐದು ಮೈಲಿಯೊಳಗಿನ ಗರ್ಭಿಣಿಯರು ಮತ್ತು ಪುಟ್ಟ ಮಕ್ಕಳು ಹೊರಡಲಿ ಅಂದರೆ, ಹೊರಟಿದ್ದು ಲಕ್ಷಕ್ಕೂ ಹೆಚ್ಚು ಜನ. ಅಲ್ಲಿನ ಪರಮಾಣು ನಿಯಂತ್ರಣ ಆಯೋಗದ ಅಧಿಕಾರಿ ಹೆರಾಲ್ಡ್ ಡೆಂಟನ್ ಒಬ್ಬರೇ ಮಾತಾಡಲು ಶುರುಮಾಡಿದ ಮೇಲೆ ಗೊಂದಲ ಇಳಿಯಿತು. ಇದನ್ನೆಲ್ಲ ನಾನು ತರಬೇತಿಯಲ್ಲಿ ಓದಿದ್ದೆ. ಆದರೂ ಮೊದಲೇ ಆ ಅಧಿಕಾರಿಗೆ ಒಂದು ಫೋನ್ ಮಾಡಬೇಕು ಅಂತ ಹೊಳೆಯಲಿಲ್ಲ ನೋಡಿ! ಆಮೇಲೆ ಅವರ ಜೀಪಿನ ಪಕ್ಕದಲ್ಲೇ ನಿಂತುಕೊಂಡೆ. ಮಾತು ಅವರದು, ಚೀಟಿ ನನ್ನದು.

10:30ಕ್ಕೆ ಹೊಸದೇನೂ ಇರಲಿಲ್ಲ. ಸುಮ್ನೆ ಯಾಕೆ ಹೇಳೋದು ಅಂದರು ನಮ್ಮವರು. ಹೇಳಲೇಬೇಕು ಅಂತ ಹಟ ಹಿಡಿದೆ. "ವಾಲ್ವ್ ಇನ್ನೂ ಮುಚ್ಚಲು ಆಗಿಲ್ಲ. ಎಷ್ಟು ಹೊತ್ತು ಹಿಡಿಯುತ್ತೆ ಗೊತ್ತಿಲ್ಲ. ಒಳಗೇ ಇರಿ. 11ಕ್ಕೆ ಮತ್ತೆ ಬರುತ್ತೇವೆ." ಗೊತ್ತಿಲ್ಲ ಅಂದರೆ ಮಾನ ಹೋಗುತ್ತೆ ಅಂತ ನಮ್ಮವರಿಗೆ ಭಯ. ಆದರೆ ಅದಾದ ಮೇಲೆ ಫೋನ್‌ಗಳು ಕಮ್ಮಿಯಾದವು. ಹೇಳಿದ ಹೊತ್ತಿಗೆ ಬಂದೆವಲ್ಲ!

ಟ್ಯಾಂಕ್ ಸಿಡಿಯುತ್ತೆ ಅಂತ ವಾಟ್ಸಾಪ್‌ನಲ್ಲಿ ಒಂದು ಧ್ವನಿ ಸಂದೇಶ ಓಡಾಡಿತು. ಅದನ್ನು ಎತ್ತಿ ಆಡಲಿಲ್ಲ. ಸೋರುತ್ತಿರುವುದು ಪೈಪ್, ಟ್ಯಾಂಕ್ ಗಟ್ಟಿಯಾಗಿದೆ ಅಂತ ಮಾತ್ರ ಹೇಳಿಸಿದೆ.

ಮಧ್ಯರಾತ್ರಿ ದಾಟಿದ ಮೇಲೆ ವಾಲ್ವ್ ಮುಚ್ಚಿದರು. "ಸೋರಿಕೆ ಪೂರ್ತಿ ನಿಂತಿದೆ. ಗಾಳಿ ಪರೀಕ್ಷೆ ಆಗಿದೆ, ಅಪಾಯವಿಲ್ಲ. ಸಹಕಾರಕ್ಕೆ ಧನ್ಯವಾದ" ಅಂತ ಬರೆದು ಕಳಿಸಿ ಕುರ್ಚಿಗೆ ಒರಗಿದೆ. ಸಹಾಯವಾಣಿ ಮತ್ತೆ ಹೊಡೆದುಕೊಂಡಿತು. ಅದೇ ತಾಯಿ.

"ಸಾರ್, ಈಗ ಕಿಟಕಿ ತೆಗೀಬಹುದಾ?"