ಹಕ್ಕಿ, ಬಾವಲಿಗಳಿಗೂ ಜಾಗ ಇಟ್ಟು ಕಟ್ಟಡ ಕಟ್ಟುವುದು ಹೇಗೆ?

ನಕ್ಷೆಗೆ ಕೈ ಹಾಕುವ ಮುಂಚೆ ಸೈಟಿನಲ್ಲಿ ಈಗಾಗಲೇ ಯಾರು ಯಾರು ಇದ್ದಾರೆ ನೋಡಿ. ಬೆಳಗಿನ ಜಾವ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ ಹೋಗಿ. ಬಾವಲಿ ಯಾವ ಮರದ ಸಾಲು ಹಿಡಿದು ಹಾರುತ್ತದೆ, ಮಳೆನೀರು ಎಲ್ಲಿ ನಿಲ್ಲುತ್ತದೆ, ಎಲ್ಲವನ್ನೂ ಸೈಟ್ ಪ್ಲಾನ್ ಮೇಲೇ ಗುರುತು ಹಾಕಿ. ನಾನಂತೂ ಬೇರೆ ಹಾಳೆಯಲ್ಲಿ ಬರೆಯುವುದಿಲ್ಲ. ಬರೆದರೆ ಅದನ್ನು ಯಾರೂ ತೆಗೆದು ನೋಡುವುದಿಲ್ಲ.

ಆಮೇಲೆ ಗಾಜು. ನನಗೆ ಎಲ್ಲಕ್ಕಿಂತ ಮುಖ್ಯ ಇದೇ. ಗಾಜಿನಲ್ಲಿ ಮರ, ಆಕಾಶ ಕಾಣುತ್ತದೆ. ಹಕ್ಕಿ ಅದನ್ನೇ ನಿಜ ಅಂದುಕೊಂಡು ಬಂದು ಬಡಿಯುತ್ತದೆ. ಸುಮ್ನೆ ಒಂದು ಗಿಡುಗನ ಸ್ಟಿಕ್ಕರ್ ಅಂಟಿಸಿದರೆ ಸಾಲದು, ಪಕ್ಕದ ಖಾಲಿ ಜಾಗಕ್ಕೆ ನುಗ್ಗುತ್ತದೆ. ಇಡೀ ಗಾಜಿಗೆ ಚುಕ್ಕಿ ಬೇಕು. ಚುಕ್ಕಿಗಳ ನಡುವೆ 5 ಸೆಂಟಿಮೀಟರಿಗಿಂತ ಜಾಸ್ತಿ ಅಂತರ ಬೇಡ. ಅವು ಹೊರಮೈ ಮೇಲೇ ಇರಲಿ. ಒಳಗಿದ್ದರೆ ಪ್ರತಿಬಿಂಬದಲ್ಲಿ ಮುಚ್ಚಿಹೋಗುತ್ತವೆ. ಖರ್ಚಿನ ಮಾತು ಬಂದೇ ಬರುತ್ತದೆ, ಅಲ್ವಾ? ಆಗ ನ್ಯೂಯಾರ್ಕ್ ನಗರದ 2020ರ ಕಾನೂನು ತೋರಿಸಿ. ಹೊಸ ಕಟ್ಟಡಗಳಲ್ಲಿ ಮೊದಲ 75 ಅಡಿಯ ಹೊರಮೈಯ ಬಹುಪಾಲು ಹಕ್ಕಿಗೆ ಅಪಾಯವಾಗದ ಸಾಮಗ್ರಿಯದೇ ಆಗಿರಬೇಕು ಎನ್ನುತ್ತದೆ ಅದು.

ಗೋಡೆ ಕಟ್ಟುವಾಗಲೇ ಸೂರಿನ ಕೆಳಗೆ, ಹಕ್ಕಿ ಒಳಗೆ ಗೂಡು ಕಟ್ಟಲೆಂದು, ಒಂದೆರಡು ಟೊಳ್ಳು ಇಟ್ಟಿಗೆ ಸೇರಿಸಿಬಿಡಿ. ಬಿಸಿಲು ನೇರ ಬೀಳದ ಕಡೆ ಇರಲಿ, ಹಾರಿ ಬರಲು ಎದುರಿಗೆ ಅಡ್ಡ ಏನೂ ಇರದಿರಲಿ.

ಹೊರಗಿನ ದೀಪದ ಬೆಳಕು ನೆಲಕ್ಕಷ್ಟೇ ಬೀಳಲಿ, ಬಣ್ಣ ಹಳದಿಯದಾಗಿರಲಿ. ಬಾವಲಿಗಳ ಆ ಮರದ ಸಾಲಿನ ಕಡೆ ಮಾತ್ರ ದೀಪವೇ ಬೇಡ.