ಕ್ಯೂಜಿಐಎಸ್ ನಕ್ಷೆಯನ್ನು ಪವರ್ ಬಿಐಗೆ ತಂದಿದ್ದು: ನನ್ನ ಅನುಭವ

ಕೆಲಸ ಇಷ್ಟೇ. ಕರ್ನಾಟಕದ ಜಿಲ್ಲಾ ನಕ್ಷೆ ಕ್ಯೂಜಿಐಎಸ್ ಎಂಬ ನಕ್ಷೆ ಸಾಫ್ಟ್‌ವೇರ್‌ನಲ್ಲಿದೆ, ಜಿಲ್ಲಾವಾರು ಮಾರಾಟದ ಲೆಕ್ಕ ಎಕ್ಸೆಲ್‌ನಲ್ಲಿದೆ, ಎರಡೂ ಪವರ್ ಬಿಐಯಲ್ಲಿ (ಲೆಕ್ಕವನ್ನು ಚಾರ್ಟ್, ನಕ್ಷೆಯಾಗಿ ತೋರಿಸುವ ಸಾಫ್ಟ್‌ವೇರ್) ಸೇರಿ ಜಿಲ್ಲೆಗೊಂದು ಬಣ್ಣ ಬರಬೇಕು. ಫೈಲ್ ಒಳಗೆ ಹಾಕುವುದಕ್ಕೆ ಹೊತ್ತು ಹಿಡಿಯುವುದಿಲ್ಲ. ನಕ್ಷೆಯ ಜಿಲ್ಲೆ ಮತ್ತು ಲೆಕ್ಕದ ಜಿಲ್ಲೆ ಒಂದೇ ಅಂತ ಸಾಫ್ಟ್‌ವೇರ್‌ಗೆ ಗೊತ್ತು ಮಾಡಿಸುವುದರಲ್ಲೇ ಟೈಮ್ ಹೋಗುತ್ತದೆ.

ಮೊದಲು ಫೈಲ್. ಶೇಪ್‌ಫೈಲ್ (ನಕ್ಷೆ ಉಳಿಸಿಡುವ ಒಂದು ರೂಪ) ಹೆಸರಿಗೆ ಒಂದು ಫೈಲ್, ಇರುವುದು ಒಂದು ಗುಂಪು. ಗೆರೆಗಳು ಎಸ್‌ಎಚ್‌ಪಿಯಲ್ಲಿ, ಹೆಸರು ಮತ್ತು ಕೋಡ್ ಡಿಬಿಎಫ್‌ನಲ್ಲಿ, ಪ್ರೊಜೆಕ್ಷನ್, ಅಂದರೆ ಜಾಗಗಳನ್ನು ಯಾವ ಲೆಕ್ಕದಲ್ಲಿ ಗುರುತಿಸಿದ್ದಾರೆ ಅನ್ನುವುದು, ಪಿಆರ್‌ಜೆಯಲ್ಲಿ. ಪವರ್ ಬಿಐ ಥರದ್ದೇ ಆದ ಟ್ಯಾಬ್ಲೋ ಇದನ್ನು ನೇರವಾಗಿ ಓದುತ್ತದೆ. ಪವರ್ ಬಿಐಯ ಶೇಪ್ ಮ್ಯಾಪ್‌ಗೆ (ನಕ್ಷೆಗೆ ಬಣ್ಣ ಹಚ್ಚುವ ಅದರ ಭಾಗ) ಮಾತ್ರ ಟೋಪೊಜೇಸನ್ ಎಂಬ ಇನ್ನೊಂದು ರೂಪ ಬೇಕು, ಹಾಗೆ ಬದಲಿಸಲು ನಾನು ಬಳಸುವುದು ಮ್ಯಾಪ್‌ಶೇಪರ್. ಬ್ರೌಸರ್‌ನಲ್ಲೇ ಓಡುತ್ತದೆ, ಫ್ರೀ. ಗುಂಪಿನ ಎಲ್ಲ ಫೈಲ್‌ಗಳನ್ನೂ ಒಟ್ಟಿಗೆ ಎಳೆದು ಹಾಕಿ. ಡಿಬಿಎಫ್ ಬಿಟ್ಟರೆ ನಕ್ಷೆ ಬರುತ್ತದೆ, ಹೆಸರು ಬರುವುದಿಲ್ಲ.

ನನ್ನ ನಕ್ಷೆ ಯುಟಿಎಂ ಎಂಬ ಪ್ರೊಜೆಕ್ಷನ್‌ನ 43ನೇ ವಲಯದಲ್ಲಿತ್ತು, ಅಂದರೆ ಮೀಟರ್ ಲೆಕ್ಕ. ಅದರಲ್ಲಿ ಬೆಂಗಳೂರು ಸುಮಾರು 7,81,000 ಮತ್ತು 14,35,000ರ ಹತ್ತಿರ ಇರುತ್ತದೆ. ನಮಗೆ ಬೇಕಾದದ್ದು ಡಿಗ್ರಿ ಲೆಕ್ಕದ ರೇಖಾಂಶ, ಅಕ್ಷಾಂಶ: 77.59, 12.97. ಹಾಗಾಗಿ ಕ್ಯೂಜಿಐಎಸ್‌ನಿಂದ ಎಕ್ಸ್‌ಪೋರ್ಟ್ ಮಾಡುವಾಗಲೇ ಇಪಿಎಸ್‌ಜಿ 4326, ಅಂದರೆ ಆ ಡಿಗ್ರಿ ಲೆಕ್ಕದ ಕೋಡ್, ಆರಿಸಿಕೊಂಡೆ.

ಆಮೇಲೆ ಗೆರೆ ಹಗುರ ಮಾಡಬೇಕು. ಉತ್ತರ ಕನ್ನಡದ ಕರಾವಳಿಯ ಒಂದೊಂದು ಕೊರಕಲೂ ಡ್ಯಾಶ್‌ಬೋರ್ಡ್‌ಗೆ ಯಾಕೆ? ಇದನ್ನು ಕ್ಯೂಜಿಐಎಸ್‌ನ ಸಿಂಪ್ಲಿಫೈನಲ್ಲಿ ಮಾಡಬೇಡಿ. ಅದು ಪ್ರತಿ ಜಿಲ್ಲೆಯನ್ನೂ ಬೇರೆ ಬೇರೆಯಾಗಿ ಸವರುತ್ತದೆ, ಅಕ್ಕಪಕ್ಕದ ಜಿಲ್ಲೆಗಳ ನಡುವೆ ಸಂದು ಬಿಡುತ್ತದೆ. ಮ್ಯಾಪ್‌ಶೇಪರ್ ಇಬ್ಬರಿಗೂ ಸೇರಿದ ಗಡಿಯನ್ನು ಒಂದೇ ಗೆರೆಯಾಗಿ ನೋಡುತ್ತದೆ.

ಕನ್ನಡದ ಹೆಸರು ಬೇಕೆನ್ನುವವರಿಗೆ ಒಂದು ಮಾತು. ಡಿಬಿಎಫ್‌ನಲ್ಲಿ ಕಾಲಂ ಅಗಲವನ್ನು ಬೈಟ್‌ನಲ್ಲಿ ಅಳೆಯುತ್ತಾರೆ, ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿ ಕನ್ನಡದ ಒಂದೊಂದು ಅಕ್ಷರ, ಗುಣಿತದ ಚಿಹ್ನೆಗೂ 3 ಬೈಟ್, ಒತ್ತಿಗೆ 6. ‘ದಕ್ಷಿಣ ಕನ್ನಡ’ಕ್ಕೆ 34 ಬೈಟ್ ಬೇಕು. ಕಾಲಂ ಅಗಲ 30 ಇದ್ದರೆ ‘ದಕ್ಷಿಣ ಕನ್’ ಅಂತ ಕತ್ತರಿಸಿ ಕೂರುತ್ತದೆ. ಕನ್ನಡಕ್ಕೆ ಜಿಯೋಜೇಸನ್ ಎಂಬ ಫೈಲ್ ರೂಪದಲ್ಲಿ ಎಕ್ಸ್‌ಪೋರ್ಟ್ ಮಾಡಿದರೆ ಈ ತಲೆನೋವು ಇಲ್ಲ.

ಈಗ ಅಸಲಿ ಕಥೆ. ಹೆಸರಿನ ಮೇಲೆ ಜೋಡಿಸಲೇಬೇಡಿ. 2014ರ ನವೆಂಬರ್ 1ರಂದು ಬೆಲ್ಗಾಮ್ ಬೆಳಗಾವಿ ಆಯಿತು, ಗುಲ್ಬರ್ಗಾ ಕಲಬುರಗಿ ಆಯಿತು, ಆದರೆ ಇಂಗ್ಲಿಷ್ ಪಟ್ಟಿಗಳಲ್ಲಿ ಹಳೆಯ ಹೆಸರು, ಹೊಸ ಹೆಸರು, ಕಾಗುಣಿತ ತಪ್ಪಿದ ಹೆಸರು ಎಲ್ಲವೂ ಇವೆ. ಕೋಡ್ ಮೇಲೆ ಜೋಡಿಸಿ. ಅದರಲ್ಲೂ ಹುಷಾರು: 2011ರ ಜನಗಣತಿಯ ತಾಲೂಕು ಕೋಡ್‌ಗೆ ಐದು ಅಂಕಿ, ಶುರುವಾಗುವುದು 0ಯಿಂದ, ಆ 0ಯನ್ನು ಎಕ್ಸೆಲ್ ಸುಮ್ನೆ ನುಂಗಿಬಿಡುತ್ತದೆ. ಕಾಲಂ ಅನ್ನು ಟೆಕ್ಸ್ಟ್ ಮಾಡಿಡಿ.

ಇದಕ್ಕಿಂತ ಜಾಸ್ತಿ ಕಾಡಿದ್ದು ವಿಜಯನಗರ. 2011ರ ನಕ್ಷೆಯಲ್ಲಿ 30 ಜಿಲ್ಲೆ, ಈಗ 31. ಹಳೆಯ ತಾಲೂಕುಗಳನ್ನು ಕೂಡಿಸಿ ಹೊಸ ಜಿಲ್ಲೆ ಮಾಡಿಕೊಳ್ಳಬಹುದಲ್ವಾ ಅನ್ನಿಸುತ್ತದೆ. ಆಗುವುದಿಲ್ಲ. ಹರಪನಹಳ್ಳಿ ಆ ನಕ್ಷೆಯಲ್ಲಿ ದಾವಣಗೆರೆಯಲ್ಲಿದೆ, ಅದನ್ನಾದರೂ ಎತ್ತಿ ತರಬಹುದು. ಕಂಪ್ಲಿಯದು ಬೇರೆ ಪಾಡು. ಆಗ ಅದು ಹೊಸಪೇಟೆ ತಾಲೂಕಿನೊಳಗೆ, ಈಗ ಬಳ್ಳಾರಿ ಜಿಲ್ಲೆಯ ತಾಲೂಕು. ಹಳೆಯ ಹೊಸಪೇಟೆಯನ್ನು ಪೂರ್ತಿ ವಿಜಯನಗರಕ್ಕೆ ಕೊಟ್ಟರೆ ಕಂಪ್ಲಿಯೂ ಜೊತೆಗೆ ಹೋಗುತ್ತದೆ. ಹೊಸ ತಾಲೂಕು ನಕ್ಷೆ ಹುಡುಕುವುದೇ ದಾರಿ.

ಶೇಪ್ ಮ್ಯಾಪ್ ಇಂಥದ್ದನ್ನು ಬಾಯಿಬಿಟ್ಟು ಹೇಳುವುದಿಲ್ಲ. ನಕ್ಷೆಯಲ್ಲಿ ಇಲ್ಲದ ಜಿಲ್ಲೆಯ ಲೆಕ್ಕ ಮಾಯವಾಗುತ್ತದೆ, ಎರರ್ ಬರುವುದಿಲ್ಲ. ಅದಕ್ಕೇ ನಕ್ಷೆಯ ಹೆಸರು-ಕೋಡ್ ಪಟ್ಟಿಯನ್ನು ಸಿಎಸ್‌ವಿ ಆಗಿ ತೆಗೆದು ಪವರ್ ಬಿಐಯೊಳಗಿನ ಪವರ್ ಕ್ವೆರಿಗೆ ಹಾಕಿ, ಲೆಕ್ಕದ ಟೇಬಲ್ ಮೊದಲಿಟ್ಟು ‘ಲೆಫ್ಟ್ ಆಂಟಿ’ ಮರ್ಜ್ ಮಾಡುತ್ತೇನೆ. ನಕ್ಷೆಯಲ್ಲಿ ಜೋಡಿ ಸಿಗದ ಲೆಕ್ಕದ ಸಾಲುಗಳಷ್ಟೇ ಉಳಿಯುತ್ತವೆ. ಟೇಬಲ್ ಖಾಲಿ ಬಂದ ಮೇಲೆಯೇ ಬಣ್ಣದ ಕೆಲಸ.

ಗ್ರಾಮ ಪಂಚಾಯಿತಿ ಮಟ್ಟಕ್ಕೆ ಇಳಿಯುವವರು ಒಮ್ಮೆ ಯೋಚಿಸಿ. ಶೇಪ್ ಮ್ಯಾಪ್‌ನ ಮಿತಿ 1,500 ಡೇಟಾ ಪಾಯಿಂಟ್, ಇಲ್ಲಿ ಪಂಚಾಯಿತಿಗೊಂದು, ರಾಜ್ಯದಲ್ಲಿ ಪಂಚಾಯಿತಿಗಳು ಸುಮಾರು 6,000. ನಾನು ಅದನ್ನು ಜಿಲ್ಲೆಗೊಂದು ನಕ್ಷೆಯಾಗಿ ಒಡೆದು ಹಾಕಿದ್ದೇನೆ.