ಥೈರಾಯ್ಡ್ ಮಾತ್ರೆ ಮೊದಲು, ಬೆಲ್ಲದ ಕಾಫಿ ಆಮೇಲೆ

ಥೈರಾಯ್ಡ್ ಹಾರ್ಮೋನು ಕಡಿಮೆಯಿದ್ದು ಅದರ ಬದಲಿಗೆ ಲೆವೊಥೈರಾಕ್ಸಿನ್ ಮಾತ್ರೆ ತೆಗೆದುಕೊಳ್ಳುವವರಿಗೆ ಕೊಡಗಿನಲ್ಲಿ ಮೊದಲ ತೊಡಕು ಬೆಳಗಿನ ಕಾಫಿ. ಕಾಫಿಯ ಜೊತೆಗೇ ಮಾತ್ರೆ ನುಂಗಿದರೆ ಕರುಳು ಅದನ್ನು ಪೂರ್ತಿ ಹೀರಿಕೊಳ್ಳುವುದಿಲ್ಲ. ರಕ್ತಪರೀಕ್ಷೆಯಲ್ಲಿ, ಥೈರಾಯ್ಡ್ ಸಾಲದಾದಾಗ ಹೆಚ್ಚುವ ಹಾರ್ಮೋನಾದ ಟಿಎಸ್‌ಎಚ್ ಏರಿರುತ್ತದೆ, ಡಾಕ್ಟರು ಡೋಸ್ ಹೆಚ್ಚಿಸುತ್ತಾರೆ. ತಪ್ಪು ಇದ್ದದ್ದು ಲೋಟದಲ್ಲಿ.

ಎದ್ದಕೂಡಲೇ ಬರೀ ನೀರಿನಲ್ಲಿ ಮಾತ್ರೆ ನುಂಗಿ. ಕಾಫಿ, ತಿಂಡಿಗೆ ಅರ್ಧ ಗಂಟೆಯಾದರೂ ಬಿಡಬೇಕು. ಒಂದು ಗಂಟೆಯಾದರೆ ಇನ್ನೂ ಒಳ್ಳೆಯದು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೆ 4 ಗಂಟೆ ಅಂತರ ಬೇಕು. ಕಾಫಿ ಕುಯ್ಲಿನ ದಿನಗಳಲ್ಲಿ ಬೆಳಿಗ್ಗೆ ಅಷ್ಟು ಪುರುಸೊತ್ತಿಲ್ಲದಿದ್ದರೆ, ಡಾಕ್ಟರನ್ನು ಕೇಳಿ ರಾತ್ರಿಗೆ ಬದಲಾಯಿಸಿಕೊಳ್ಳಿ: ಊಟವಾಗಿ 3 ಗಂಟೆ ಕಳೆದ ಮೇಲೆ.

ಮಳೆಗಾಲದಲ್ಲಿ ಭರಣಿಯ ಉಪ್ಪೂ ನೀರೊಡೆಯುವ ಊರು ನಮ್ಮದು. ಮಾತ್ರೆಗೂ ತೇವ, ಶಾಖ ಎರಡೂ ಆಗದು. ಒಲೆಯ ಪಕ್ಕದ ಗೂಡಿನಲ್ಲಿ ಇಡಬೇಡಿ, ಬಾಟಲಿಯೊಳಗಿನ ತೇವ ಹೀರುವ ಪುಟ್ಟ ಪೊಟ್ಟಣವನ್ನು ಎಸೆಯಬೇಡಿ, ಮುಚ್ಚಳ ಬಿಗಿಯಾಗಿರಲಿ.

ಮಾತ್ರೆಯಲ್ಲಿರುವ ಹಾರ್ಮೋನು ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು 7 ದಿನ ಬೇಕು. ಆದ್ದರಿಂದ ಡೋಸ್ ಬದಲಾದ ಹದಿನೈದು ದಿನಕ್ಕೇ ಪರೀಕ್ಷೆ ಮಾಡಿಸಿದರೆ ದುಡ್ಡು ದಂಡ; 6ರಿಂದ 8 ವಾರ ಕಾಯಿರಿ. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ತಿನ್ನುತ್ತಿದ್ದರೆ ಪರೀಕ್ಷೆಗೆ ಎರಡು ದಿನ ಮುಂಚೆ ನಿಲ್ಲಿಸಿ, ಅದು ಲೆಕ್ಕವನ್ನೇ ಕೆಡಿಸುತ್ತದೆ.

ಇನ್ನು ತೂಕ. ಥೈರಾಯ್ಡ್ ಕೊರತೆಯಿಂದಲೇ ಏರುವುದು ಸಾಮಾನ್ಯವಾಗಿ 2ರಿಂದ 5 ಕಿಲೊ, ಅದರಲ್ಲೂ ಹೆಚ್ಚಿನದು ಉಪ್ಪು ಮತ್ತು ನೀರು. ಟಿಎಸ್‌ಎಚ್ ಹದಕ್ಕೆ ಬಂದ ಮೇಲೂ ಉಳಿದ ತೂಕಕ್ಕೆ ಉತ್ತರ ತಟ್ಟೆಯಲ್ಲಿದೆ. ಪಂದಿ ಕರಿಯ (ಹಂದಿಮಾಂಸದ ಸಾರಿನ) ಮೇಲೆ ತೇಲುವ ಕೊಬ್ಬನ್ನು ತೆಗೆದುಹಾಕಿ: ಒಂದು ದೊಡ್ಡ ಚಮಚಕ್ಕೆ ಸುಮಾರು 115 ಕ್ಯಾಲೊರಿ. ದಿನಕ್ಕೆ ನಾಲ್ಕು ಲೋಟ ಕಾಫಿ, ಲೋಟಕ್ಕೆ 10 ಗ್ರಾಂ ಬೆಲ್ಲ ಎಂದರೆ ಅದರಲ್ಲೇ ಸುಮಾರು 150 ಕ್ಯಾಲೊರಿ. ಕಡಂಬುಟ್ಟು (ಅಕ್ಕಿ ತರಿಯ ಹಬೆಯುಂಡೆ) ಬಿಡಬೇಕಿಲ್ಲ, ಎಣಿಸಿ ತಿನ್ನಿ. ಮಳೆಗಾಲದಲ್ಲಿ ತೋಟದ ಓಡಾಟ ನಿಂತಾಗ ತಟ್ಟೆಯೂ ಸ್ವಲ್ಪ ಚಿಕ್ಕದಾಗಲಿ.

ಕಣಿಲೆಯ (ಎಳೆ ಬಿದಿರಿನ ಮೊಳಕೆಯ) ಬಗ್ಗೆ ಬಹಳ ಜನ ಕೇಳುತ್ತಾರೆ. ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ಸೇರದಂತೆ ತಡೆಯುವ ಗುಣ ಅದರಲ್ಲಿರುವುದು ನಿಜ. ನೀರು ಬದಲಿಸುತ್ತ ನೆನೆಸಿ, ಬೇಯಿಸಿ, ಆ ನೀರನ್ನು ಚೆಲ್ಲಿದರೆ ಬಹುಪಾಲು ಹೋಗುತ್ತದೆ. ಆಗಾಗ ತಿನ್ನಲು ಅಡ್ಡಿಯಿಲ್ಲ.

ಸಣ್ಣಗಾಗಲೆಂದು ಡೋಸನ್ನು ನೀವೇ ಏರಿಸಬೇಡಿ. ಎದೆಬಡಿತ ಏರುಪೇರಾಗುತ್ತದೆ, ಮೂಳೆ ಸವೆಯುತ್ತದೆ. ಗರ್ಭಿಣಿ ಎಂದು ತಿಳಿದ ದಿನವೇ ಡಾಕ್ಟರಿಗೆ ತಿಳಿಸಿ: ಆಗ ಡೋಸ್ ಕಾಲು ಭಾಗಕ್ಕಿಂತ ಹೆಚ್ಚೇ ಏರಿಸಬೇಕಾಗಬಹುದು.